ತೂಕದ ಮಶೀನು ಬಿಡಿ, ಟೇಪು ಹಿಡಿಯಿರಿ

*ಆರೋಗ್ಯ ಮಾಲಿಕೆ: ಮನೆಯಲ್ಲೇ ವ್ಯಾಯಾಮ, ಮನೆಯದೇ ಊಟ*



ಹೊಸ ವರ್ಷ ಬಂದಾಗ, ದೀಪಾವಳಿ ಫರಾಳ ಮುಗಿದಾಗ, ಮನೆಯಲ್ಲೊಂದು ಮದುವೆ ಹತ್ತಿರವಾದಾಗ ಎಲ್ಲ ಗ್ರೂಪುಗಳಲ್ಲೂ ಒಂದೇ ಪ್ರಶ್ನೆ ಬರುತ್ತದೆ: "ತಿಂಗಳಲ್ಲಿ ಐದು ಕೆಜಿ ಇಳಿಸೋದು ಹೇಗೆ?" ಉತ್ತರಗಳಿಗೂ ಬರವಿಲ್ಲ. ಬಿಸಿನೀರಿಗೆ ನಿಂಬೆ-ಜೇನುತುಪ್ಪ ಹಾಕಿ ಕುಡಿಯಿರಿ, ಅನ್ನ ಬಿಡಿ, ರಾತ್ರಿ ಊಟ ಬಿಡಿ, ಏಳು ದಿನ ಬರೀ ಸೂಪು ಕುಡಿಯಿರಿ, ಇಂಥ ಪುಡಿ ತರಿಸಿಕೊಳ್ಳಿ. ನಾಲ್ಕು ದಿನ ನಡೆಯುತ್ತದೆ. ಐದನೇ ದಿನ ವಡಾ ಪಾವ್ ಗಾಡಿ ಮುಂದೆ ನಿಂತಿರುತ್ತೇವೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಪ್ರಶ್ನೆಯೇ ಸರಿಯಿಲ್ಲ. ನಮ್ಮಲ್ಲಿ ಹೆಚ್ಚಿನವರ ತೊಂದರೆ ಬರೀ ತೂಕದ್ದಲ್ಲ. ಹೊಟ್ಟೆಯಲ್ಲಿ ಕೊಬ್ಬು ಜಾಸ್ತಿ, ಕೈಕಾಲಿನಲ್ಲಿ ಸ್ನಾಯು (ಮಾಂಸಖಂಡ) ಕಡಿಮೆ, ಇದು ನಮ್ಮ ತೊಂದರೆ. ತೂಕದ ಮಶೀನಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದ್ದರಿಂದ "ಎಷ್ಟು ಇಳಿಸಲಿ" ಎನ್ನುವುದಕ್ಕಿಂತ ಮೊದಲು "ಸ್ನಾಯು ಎಷ್ಟು ಉಳಿಸಲಿ, ಎಷ್ಟು ಬೆಳೆಸಲಿ" ಎಂದು ಕೇಳಬೇಕು. ಈ ಮಾತು ಹೊರದೇಶದ ಜಿಮ್‌ನವರು ಹೇಳಿದ್ದಲ್ಲ. ನಾವು ಬಾಳುವೆ ಮಾಡುತ್ತಿರುವ ಈ ಪುಣೆ ಊರಿನಲ್ಲೇ ಅಳೆದು ತೋರಿಸಿದ ಸಂಗತಿ.

*ಪುಣೆಯ ಇಬ್ಬರು ಡಾಕ್ಟರ ಕಥೆ*

ಪುಣೆಯ ಕೆಇಎಂ ಆಸ್ಪತ್ರೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಗೆಳೆಯರು. ಇಬ್ಬರೂ ಸೇರಿ 2004ರ ಜನವರಿಯಲ್ಲಿ 'ಲ್ಯಾನ್ಸೆಟ್' ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ ಒಂದೇ: 22.3. ಇಬ್ಬರೂ "ನಾರ್ಮಲ್". ಆದರೆ ಯಂತ್ರದಲ್ಲಿ ಮೈಯ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇ. 9.1, ನಮ್ಮ ಯಾಜ್ಞಿಕ ಅವರದು ಶೇ. 21.2. ತೂಕದ ಲೆಕ್ಕ ಒಂದೇ, ಕೊಬ್ಬು ಎರಡು ಪಟ್ಟಿಗಿಂತ ಹೆಚ್ಚು! ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ ಅವರ ಮುಖ್ಯ ವ್ಯಾಯಾಮವೆಂದರೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಓಡಿ ಹೋಗಿ ಸೇರಿಕೊಳ್ಳುವುದು ಎಂದು ಅವರೇ ತಮಾಷೆಯಾಗಿ ಬರೆದುಕೊಂಡಿದ್ದರು.

ಇದು ಬರೀ ಲಿಫ್ಟಿನ ದೋಷವೂ ಅಲ್ಲ. ಯಾಜ್ಞಿಕ ಅವರ ತಂಡ 1993ರಿಂದ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಗರ್ಭಿಣಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುತ್ತ ಬಂದಿದೆ. ಇಲ್ಲಿನ ಕೂಸುಗಳ ಸರಾಸರಿ ಹುಟ್ಟುತೂಕ ಸುಮಾರು 2.7 ಕೆಜಿ, ಇಂಗ್ಲೆಂಡಿನ ಕೂಸುಗಳದು ಸುಮಾರು 3.5 ಕೆಜಿ. ನಮ್ಮ ಕೂಸುಗಳ ತೋಳು ಸಣ್ಣ, ಸ್ನಾಯು ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. "ತೆಳ್ಳಗೆ ಕಂಡರೂ ಒಳಗೆ ಕೊಬ್ಬು" ಎನ್ನುವ ನಮ್ಮ ದೇಹದ ಗುಣ ತಾಯಿಯ ಹೊಟ್ಟೆಯಲ್ಲೇ ಶುರುವಾಗಿರುತ್ತದೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ.

ಇದನ್ನು ಹಣೆಬರಹ ಎಂದು ಕೈಚೆಲ್ಲಬೇಡಿ. ಹುಟ್ಟುವಾಗ ಬಂಡವಾಳ ಕಡಿಮೆ ಇದ್ದವರು ದುಡಿದು ಕೂಡಿಡಬೇಕು, ಅಷ್ಟೇ. ಸ್ನಾಯುವಿನ ಬಂಡವಾಳ ಯಾವ ವಯಸ್ಸಿನಲ್ಲೂ ಕೂಡಿಡಬಹುದು.

*ಸ್ನಾಯು ಏನು ಮಾಡುತ್ತದೆ?*

ನಾವು ಉಂಡ ಅನ್ನ, ರೊಟ್ಟಿ, ಚಪಾತಿ ಎಲ್ಲ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಆ ಸಕ್ಕರೆಯನ್ನು ಎತ್ತಿ ಇಟ್ಟುಕೊಳ್ಳುವ ಅತಿ ದೊಡ್ಡ ಗೋದಾಮು ನಮ್ಮ ಸ್ನಾಯುಗಳು. ತೊಡೆ, ಪೃಷ್ಠ, ಬೆನ್ನಿನ ಸ್ನಾಯುಗಳು ದೊಡ್ಡವು, ಅಲ್ಲಿ ಜಾಗ ಹೆಚ್ಚು. ಗೋದಾಮು ಚಿಕ್ಕದಾಗಿ, ಬಾಗಿಲು ಜಂಗು ಹಿಡಿದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಹೆಚ್ಚಾದದ್ದು ಕೊಬ್ಬಾಗಿ ಹೊಟ್ಟೆಯೊಳಗೆ, ಲಿವರಿನೊಳಗೆ ಕೂರುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಫ್ಯಾಟಿ ಲಿವರ್ ಎಲ್ಲ ಒಂದರ ಹಿಂದೆ ಒಂದು ಬರುವ ದಾರಿಗಳಲ್ಲಿ ಇದು ಮುಖ್ಯವಾದದ್ದು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇವರೆಲ್ಲ ದಪ್ಪಗಿರುವವರಲ್ಲ. "ನಮ್ಮ ಯಜಮಾನರು ಸಣಕಲು, ಅವರಿಗೆ ಹೇಗೆ ಶುಗರ್ ಬಂತು?" ಎಂಬ ಪ್ರಶ್ನೆಗೆ ಉತ್ತರ ಮೇಲಿನ ಇಬ್ಬರು ಡಾಕ್ಟರ ಫೋಟೋದಲ್ಲಿದೆ.

ಈಗ ಉಪವಾಸದ ಡಯಟಿಗೆ ಬನ್ನಿ. ವ್ಯಾಯಾಮವಿಲ್ಲದೆ, ಬೇಳೆಕಾಳು ಹಾಲು ಮೊಸರನ್ನೂ ಕಡಿಮೆ ಮಾಡಿ, ಬರೀ ಹೊಟ್ಟೆ ಕಟ್ಟಿ ತೂಕ ಇಳಿಸಿದರೆ ಹೋಗುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಕರಗುತ್ತದೆ. ಮೊದಲೇ ಕಡಿಮೆ ಇದ್ದದ್ದು ಇನ್ನೂ ಕಡಿಮೆ. ಆಮೇಲೆ ಡಯಟ್ ಬಿಟ್ಟಾಗ ತೂಕ ವಾಪಸು ಬರುತ್ತದೆ, ಆದರೆ ಕಸರತ್ತಿಲ್ಲದೆ ಸ್ನಾಯು ಅಷ್ಟು ಸುಲಭವಾಗಿ ವಾಪಸು ಬರುವುದಿಲ್ಲ. ಮಶೀನು ಹಳೆಯ ಅಂಕಿಯನ್ನೇ ತೋರಿಸುತ್ತದೆ, ಒಳಗಿನ ಲೆಕ್ಕ ಮಾತ್ರ ಮೊದಲಿಗಿಂತ ಕೆಟ್ಟಿರುತ್ತದೆ.

*ಮನೆಯಲ್ಲೇ ಎರಡು ಪರೀಕ್ಷೆ*

ಇದಕ್ಕೆ ಲ್ಯಾಬಿಗೆ ಹೋಗಬೇಕಿಲ್ಲ. ದರ್ಜಿಯ ಟೇಪು, ಒಂದು ಕುರ್ಚಿ ಸಾಕು.

1. *ಟೇಪು ಪರೀಕ್ಷೆ:* ಬೆಳಿಗ್ಗೆ ತಿಂಡಿಗೆ ಮುಂಚೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಸೊಂಟದ ಸುತ್ತಳತೆ ಅಳೆಯಿರಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಬರಲಿ. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮಿತಿ. ಅದನ್ನು ದಾಟಿದ್ದರೆ ಎಚ್ಚರ. ನೆನಪಿಡಲು ಇನ್ನೊಂದು ಸುಲಭ ಲೆಕ್ಕ: ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ.

2. *ಕುರ್ಚಿ ಪರೀಕ್ಷೆ:* ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯ ಮೇಲೆ ಕೂತು, ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಕೈ ಊರದೆ ಪೂರ್ತಿ ಏಳಿ, ಪೂರ್ತಿ ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ ಕಡಿಮೆ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಶಕ್ತಿ ಸರಾಸರಿಗಿಂತ ಕಮ್ಮಿ ಎಂದು ಅಮೆರಿಕದ ಸಿಡಿಸಿ ಸಂಸ್ಥೆಯ ಕೋಷ್ಟಕ ಹೇಳುತ್ತದೆ. ಇದು 60 ದಾಟಿದವರ ಅಳತೆ. ನಿಮಗೆ 35 ವಯಸ್ಸಾಗಿ, ಹಿಂಜವಡಿಯ ಐಟಿ ಕಂಪನಿಯಲ್ಲಿ ದಿನವಿಡೀ ಕೂತು, 14ಕ್ಕೇ ಏದುಸಿರು ಬಂದರೆ ಈ ಲೇಖನ ನಿಮಗಾಗಿಯೇ ಬರೆದದ್ದು ಎಂದುಕೊಳ್ಳಿ.

ಎರಡೂ ಅಂಕಿಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮುಂದಿನ ತಿಂಗಳು ಅದೇ ತಾರೀಖಿಗೆ ಮತ್ತೆ ಅಳೆಯಿರಿ. ದಿನಾ ಮಶೀನು ಹತ್ತಿ ಬೇಜಾರು ಮಾಡಿಕೊಳ್ಳುವುದು ಬೇಡ.

*ಕುರ್ಚಿ, ಗೋಡೆ, ಮೆಟ್ಟಿಲು ಇದ್ದರೆ ಸಾಕು*

"ಮನೆಯಲ್ಲಿ ಜಾಗವಿಲ್ಲ, ಸಾಮಾನಿಲ್ಲ" ಎನ್ನುವವರು ಒಬ್ಬ ಕೋಲಾರ ಜಿಲ್ಲೆಯವರನ್ನು ನೆನೆಯಬೇಕು. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಜ್ವರ ದೇಶಕ್ಕೆ ದೇಶವನ್ನೇ ಮಲಗಿಸಿದ್ದ ಹೊತ್ತಿನಲ್ಲಿ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಾಡಿ ಸೊರಗಿದ್ದ ಹುಡುಗ. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು, 1937ರಲ್ಲಿ ಕಲಿಸುವ ಕೆಲಸಕ್ಕಾಗಿ ಪುಣೆಗೆ ಬಂದವರು ಇಲ್ಲೇ ನೆಲೆಸಿದರು. ಹೆಂಡತಿ ರಮಾಮಣಿಯವರ ನೆನಪಿನಲ್ಲಿ 1975ರಲ್ಲಿ ಇಲ್ಲಿ ಯೋಗಸಂಸ್ಥೆ ಶುರುವಾಯಿತು. ಅವರು ಜಗತ್ತಿಗೆ ಕೊಟ್ಟ ದೊಡ್ಡ ಉಪಕಾರ ಯಾವುದು ಗೊತ್ತೇ? ಬಗ್ಗಲಾಗದವರಿಗೂ, ಮುದುಕರಿಗೂ, ನೋವಿರುವವರಿಗೂ ಆಸನ ಸಾಧ್ಯವಾಗಲಿ ಎಂದು ಕುರ್ಚಿ, ಗೋಡೆ, ಹಗ್ಗ, ಇಟ್ಟಿಗೆ, ಕಂಬಳಿಗಳನ್ನೇ ಸಾಧನವಾಗಿ ಬಳಸಿದ್ದು. 90 ದಾಟಿದ ಮೇಲೂ ಅವರು ಅಭ್ಯಾಸ ಬಿಡಲಿಲ್ಲ. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

ಇನ್ನೂ ಹಿಂದಕ್ಕೆ ಹೋದರೆ ಸಾತಾರಾ ಕಡೆಯ ಔಂಧ್ ಸಂಸ್ಥಾನದ (ಪುಣೆಯ ಔಂಧ್ ಬಡಾವಣೆ ಅಲ್ಲ) ರಾಜರು ಮನೆಮನೆಗೂ ಸೂರ್ಯನಮಸ್ಕಾರ ಮುಟ್ಟಿಸಲು ಹೊರಟಿದ್ದರು. ಬೆಂಗಳೂರಿನಲ್ಲಿ 'ಶಾಂತಲಾ' ಕಾದಂಬರಿಯ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸುತ್ತಲೇ ದೂರದವರಿಗೆ ಅಂಚೆಯಲ್ಲಿ ಕಸರತ್ತಿನ ಪಾಠ ಕಳಿಸುತ್ತಿದ್ದರು. ಗರಡಿಮನೆಯ ದಂಡ, ಗಣಪನ ಮುಂದೆ ಹೊಡೆಯುವ ಬಸ್ಕಿ, ಇವಕ್ಕೇ ಈಗ ಪುಶ್‌ಅಪ್, ಸ್ಕ್ವಾಟ್ ಎಂದು ಹೆಸರು. ನಮ್ಮದೇ ಸಾಮಾನು, ನಾವೇ ಅಟ್ಟಕ್ಕೆ ಹಾಕಿದ್ದೇವೆ. ಇಳಿಸಿಕೊಂಡರೆ ಆಯಿತು.

ವಾರಕ್ಕೆ ಮೂರು ದಿನ, ದಿನಕ್ಕೆ 20 ನಿಮಿಷ, ಈ ಆರನ್ನು ಮಾಡಿ:

• *ಕುರ್ಚಿ ಬಸ್ಕಿ:* ಕುರ್ಚಿಗೆ ಕೂರುವಂತೆ ನಿಧಾನ ಇಳಿದು, ಅಂಡು ತಾಗುತ್ತಿದ್ದಂತೆ ಏಳಿ. 10 ಸಲ. ಮೊಣಕಾಲು ನೋವಿದ್ದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ.

• *ಗೋಡೆ ದಂಡ:* ಗೋಡೆಗೆ ಕೈ ಕೊಟ್ಟು, ಎರಡು ಹೆಜ್ಜೆ ಹಿಂದೆ ನಿಂತು ದಂಡ ಹೊಡೆಯಿರಿ. 10 ಸಲ. ಸುಲಭವಾದ ಮೇಲೆ ಅಡುಗೆ ಕಟ್ಟೆಗೆ ಕೈ ಕೊಟ್ಟು, ಕೊನೆಗೆ ನೆಲದ ಮೇಲೆ.

• *ಚೀಲ ಎಳೆತ:* ಗಟ್ಟಿ ಕೈಚೀಲದಲ್ಲಿ ಎರಡು ಕೆಜಿ ಜೋಳದ ಹಿಟ್ಟಿನ ಪಾಕೀಟು ಇಡಿ. ಒಂದು ಕೈ ಮೇಜಿಗೆ ಊರಿ, ಸ್ವಲ್ಪ ಬಗ್ಗಿ, ಇನ್ನೊಂದು ಕೈಯಿಂದ ಬಾವಿಯ ಹಗ್ಗ ಎಳೆದಂತೆ ಚೀಲವನ್ನು ಪಕ್ಕೆಯತ್ತ ಎಳೆಯಿರಿ. ಎರಡೂ ಕೈಗೆ 10 ಸಲ. ಲ್ಯಾಪ್‌ಟಾಪಿನ ಮುಂದೆ ಗೂನು ಬಿದ್ದ ಬೆನ್ನಿಗೆ ಇದು ಬೇಕೇ ಬೇಕು.

• *ಸೇತುಬಂಧ:* ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟ ಮೇಲೆತ್ತಿ ಮೂರು ಎಣಿಸಿ ಇಳಿಸಿ. 10 ಸಲ.

• *ಮೆಟ್ಟಿಲು:* ಒಂದೇ ಮೆಟ್ಟಿಲನ್ನು ಹತ್ತಿ ಇಳಿಯಿರಿ, ಒಂದೊಂದು ಕಾಲಿಗೂ 10 ಸಲ. ಕಠಡಾ ಹಿಡಿದುಕೊಳ್ಳಿ, ನಾಚಿಕೆ ಬೇಡ.

• *ಹಿಮ್ಮಡಿ ಎತ್ತು:* ಕಟ್ಟೆ ಹಿಡಿದು ತುದಿಗಾಲಿನ ಮೇಲೆ ನಿಂತು ಇಳಿಯಿರಿ, 15 ಸಲ. ಆಮೇಲೆ ಒಂಟಿಕಾಲಿನಲ್ಲಿ 10 ಸೆಕೆಂಡು ನಿಲ್ಲಿ. ವಯಸ್ಸಾದವರು ಬೀಳದಂತೆ ಕಾಯುವುದು ಇದೇ ಅಭ್ಯಾಸ.

ಆರೂ ಮುಗಿದರೆ ಒಂದು ಸುತ್ತು. ಮೊದಲ ವಾರ ಒಂದೇ ಸುತ್ತು ಸಾಕು, ಆಮೇಲೆ ಎರಡು. ಗುಟ್ಟು ಒಂದೇ: ಕೊನೆಯ ಎರಡು ಮೂರು ಸಲ ಸ್ವಲ್ಪ ಕಷ್ಟವಾಗಬೇಕು. 15 ಸಲ ಸರಾಗವಾಗಿ ಆಗತೊಡಗಿದರೆ ಚೀಲಕ್ಕೆ ಇನ್ನೊಂದು ಕೆಜಿ ಸೇರಿಸಿ, ಕುರ್ಚಿಯ ದಿಂಬು ತೆಗೆಯಿರಿ. ವರ್ಷಗಟ್ಟಲೆ ಅದೇ 10 ಸಲ, ಅದೇ ಎರಡು ಕೆಜಿ ಮಾಡುತ್ತಿದ್ದರೆ ಸ್ನಾಯು ಇದ್ದಲ್ಲೇ ಇರುತ್ತದೆ.

ಇನ್ನು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಶ್ರಮವನ್ನೂ, ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ನಾವು ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದೇವೆ. ಪುಣೆಯವರ ಅದೃಷ್ಟಕ್ಕೆ ಊರ ನಡುವೆಯೇ ಟೇಕಡಿಗಳಿವೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ, ಪರ್ವತಿಯ ಮೆಟ್ಟಿಲು. ಭಾನುವಾರ ಮನೆಮಂದಿ ಹತ್ತಿ ಬನ್ನಿ. ಆದರೆ ಇಳಿದ ಮೇಲೆ ನೇರ ಮಿಸಳ್ ಹೋಟೆಲಿಗೆ ನುಗ್ಗಿ ಎರಡು ಪಾವ್ ಜಾಸ್ತಿ ಹಾಕಿಸಿಕೊಂಡರೆ ಲೆಕ್ಕ ಅಲ್ಲಿಗೇ ಸರಿಹೋಯಿತು! ವಾರದ ದಿನಗಳಲ್ಲಿ ಊಟವಾದ ಕೂಡಲೆ ಸೋಫಾಕ್ಕೆ ಬೀಳದೆ 10 ನಿಮಿಷ ಸೊಸೈಟಿಯ ಅಂಗಳದಲ್ಲಿ ಅಡ್ಡಾಡಿ. ಕಾಲಿನ ಸ್ನಾಯು ಆಡುವಾಗ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ.

*ತಟ್ಟೆ ಬದಲಿಸುವುದು ಬೇಡ, ಪಾಲು ಬದಲಿಸಿ*

ಆಹಾರದ ವಿಷಯದಲ್ಲೂ ಅದೇ ಮಾತು. ಕೀನ್ವಾ, ಓಟ್ಸ್, ಆವಕಾಡೊ ಬೇಕಿಲ್ಲ. ಧಾರವಾಡ, ಗದಗ, ವಿಜಯಪುರ, ಬೆಳಗಾವಿಯಿಂದ ಬಂದ ನಮಗೆ ಜೋಳದ ರೊಟ್ಟಿ, ಮಡಿಕಿಕಾಳು, ಹೆಸರುಕಾಳು, ಜುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪುಂಡಿಪಲ್ಯ, ಗಟ್ಟಿ ಮೊಸರು ಗೊತ್ತಿಲ್ಲವೇ? ಮಂಗಳೂರು, ಉಡುಪಿಯವರಿಗೆ ಹುರುಳಿ, ಮೀನು ಗೊತ್ತಿಲ್ಲವೇ? ಎಲ್ಲ ಗೊತ್ತು. ಕೆಟ್ಟಿರುವುದು ಪಾಲು. ತಟ್ಟೆಯ ತುಂಬ ಅನ್ನ-ಚಪಾತಿ, ಮೂಲೆಯಲ್ಲಿ ಚಮಚೆಯಷ್ಟು ಪಲ್ಯ, ತಿಳಿಸಾರಿನಲ್ಲಿ ಹುಡುಕಿದರೂ ಸಿಗದ ಬೇಳೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ಮೀರದಿರಲಿ ಎಂದಿದೆ. ಅಂದರೆ ಅರ್ಧ ತಟ್ಟೆ ತರಕಾರಿ-ಸೊಪ್ಪು, ಕಾಲು ತಟ್ಟೆ ಕಾಳು-ಬೇಳೆ-ಮೊಸರು (ತಿನ್ನುವವರಿಗೆ ಮೊಟ್ಟೆ-ಮೀನು-ಕೋಳಿ), ಕಾಲು ತಟ್ಟೆ ರೊಟ್ಟಿ ಅಥವಾ ಅನ್ನ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಅದೂ ಧಾನ್ಯವೇ. "ಭಾಕರಿ ತಾನೇ" ಎಂದು ಐದು ತಿಂದರೆ ಐದರ ಲೆಕ್ಕವೇ ಆಗುತ್ತದೆ.

ಸ್ನಾಯುವಿಗೆ ಬೇಕಾದದ್ದು ಪ್ರೋಟೀನು. ಆರೋಗ್ಯವಂತ ದೊಡ್ಡವರಿಗೆ ಕೆಜಿ ತೂಕಕ್ಕೆ 0.83 ಗ್ರಾಂ ಎಂದು ನಮ್ಮ ದೇಶದ ಶಿಫಾರಸು. 60 ಕೆಜಿಯವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಸಸ್ಯಾಹಾರಿಗಳಿಗೂ ಇದು ಸಾಧ್ಯ, ಅಂದಾಜು ಲೆಕ್ಕ ನೋಡಿ:

– ದಿನದ ರೊಟ್ಟಿಗಳಿಗೆ 100 ಗ್ರಾಂ ಜೋಳದ ಹಿಟ್ಟು: 10 ಗ್ರಾಂ
– ಎರಡು ಹೊತ್ತಿಗೆ ಸೇರಿ 60 ಗ್ರಾಂ ಒಣ ಕಾಳು-ಬೇಳೆ: 13–14 ಗ್ರಾಂ
– ಒಂದು ಲೋಟ ಹಾಲು: 6 ಗ್ರಾಂ
– ಒಂದು ದೊಡ್ಡ ಬಟ್ಟಲು ಮೊಸರು: 6 ಗ್ರಾಂ
– ಒಂದು ಹಿಡಿ ಶೇಂಗಾ: 7 ಗ್ರಾಂ
– 50 ಗ್ರಾಂ ಪನೀರ್: 9 ಗ್ರಾಂ

ಇಷ್ಟಕ್ಕೇ 50 ದಾಟಿತು. ಡಬ್ಬದ ಪುಡಿ ಬೇಕಾಗಲಿಲ್ಲ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಒಂದಕ್ಕೆ ಸುಮಾರು 6 ಗ್ರಾಂ. ಇದನ್ನೆಲ್ಲ ಒಂದೇ ಹೊತ್ತಿಗೆ ತುಂಬದೆ ಮೂರು ಹೊತ್ತಿಗೆ ಹಂಚಿ. ಬೆಳಗಿನ ತಿಂಡಿಯೇ ನಮ್ಮ ದುರ್ಬಲ ಜಾಗ. ಬರೀ ಪೋಹೆ, ಬರೀ ಉಪ್ಪಿಟ್ಟು, ಬರೀ ಸಾಬುದಾಣೆ ಖಿಚಡಿ. ಪೋಹೆಯನ್ನು ಬಿಡಬೇಡಿ, ಅರ್ಧ ಪ್ಲೇಟು ಮಾಡಿ, ಪಕ್ಕಕ್ಕೆ ಮೊಳಕೆ ಬಂದ ಮಡಿಕಿಯನ್ನೋ ಒಂದು ಬಟ್ಟಲು ಮೊಸರನ್ನೋ ಇಟ್ಟುಕೊಳ್ಳಿ. ಮಿಸಳ್ ಕೂಡ ಶತ್ರುವಲ್ಲ. ಮನೆಯಲ್ಲಿ ಮಾಡಿ, ಮಡಿಕಿ ಜಾಸ್ತಿ, ಫರಸಾಣ ಒಂದು ಚಿಟಿಕೆ, ಪಾವ್ ಒಂದೇ.

ಕಡಿಮೆ ಮಾಡಬೇಕಾದದ್ದು ಮೂರು. ಮೊದಲನೆಯದು ಚಹಾದ ಸಕ್ಕರೆ. ಅಮೃತತುಲ್ಯ ಅಂಗಡಿಯದಾಗಲಿ, ಮನೆಯದಾಗಲಿ, ಕಪ್ಪಿಗೆ ಎರಡು ಚಮಚೆಯಂತೆ ದಿನಕ್ಕೆ ನಾಲ್ಕು ಕಪ್ಪು ಕುಡಿದರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಕೆಜಿ ಸಕ್ಕರೆ. ಎರಡನೆಯದು ಎಣ್ಣೆ. ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ನಾಲ್ಕು ಜನರ ಮನೆಗೆ ಐದು ಲೀಟರಿನ ಡಬ್ಬ ತಿಂಗಳೊಳಗೆ ಮುಗಿಯುತ್ತಿದ್ದರೆ ಯೋಚಿಸಿ. ಮೂರನೆಯದು ಸಂಜೆಯ ಬಾಕರವಡಿ, ಫರಸಾಣ, ಬಿಸ್ಕಿಟ್. ಮನೆಗೆ ತಂದರೆ ತಿಂದೇ ತಿನ್ನುತ್ತೇವೆ, ತರದಿರುವುದೇ ಉಪಾಯ.

*ಇದು ಒಬ್ಬರ ಕೆಲಸವಲ್ಲ, ಮನೆಯ ಕೆಲಸ*

ಇಲ್ಲಿ ನನ್ನ ಮುಖ್ಯ ಮಾತು ಬರುತ್ತದೆ. ಮನೆಯ ಯಜಮಾನರು "ನಾನು ಡಯಟ್ ಶುರು ಮಾಡಿದೆ" ಎಂದರೆ ಆಗುವುದೇನು? ಅವರಿಗೊಂದು ಅಡುಗೆ, ಮಕ್ಕಳಿಗೊಂದು ಅಡುಗೆ, ಅತ್ತೆಯವರಿಗೆ ಇನ್ನೊಂದು. ಎಲ್ಲ ಮಾಡುವುದು ಒಬ್ಬರೇ. ಅವರು ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟಿ, ಎಲ್ಲರೂ ಉಂಡ ಮೇಲೆ ಉಳಿದ ಅನ್ನ-ಸಾರು ಉಂಡು, ಮೇಲೆ ಒಂದು ಕಪ್ಪು ಚಹಾ ಕುಡಿಯುತ್ತಾರೆ. ಕಾಳು, ಪಲ್ಯ, ಮೊಸರು ಅಷ್ಟರಲ್ಲಿ ಖಾಲಿ. 45-50ಕ್ಕೆ ಮೊಣಕಾಲು ನೋವು, ಶುಗರ್ ಬಾರ್ಡರ್, ಸುಸ್ತು. "ದಿನವಿಡೀ ಕೆಲಸ ಮಾಡ್ತಾಳೆ, ಅವಳಿಗೆ ವ್ಯಾಯಾಮ ಬೇರೆ ಯಾಕೆ?" ಎಂದು ಮನೆಯವರು ಕೇಳುತ್ತಾರೆ.

ಮನೆಗೆಲಸ ಶ್ರಮವೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಗಂಟೆಗಟ್ಟಲೆ ಕಟ್ಟೆ ಮುಂದೆ ನಿಲ್ಲುವುದರಿಂದ ಕಾಲು ಸೋಲುತ್ತದೆಯೇ ಹೊರತು ತೊಡೆಗೆ ಬಲ ಬರುವುದಿಲ್ಲ. ಬಲ ಬರಬೇಕಾದರೆ ಸ್ನಾಯುವಿಗೆ ದಿನದಿನದ ಅಭ್ಯಾಸಕ್ಕಿಂತ ಹೆಚ್ಚಿನ ಭಾರ ಬೀಳಬೇಕು, ಆಮೇಲೆ ವಿಶ್ರಾಂತಿಯೂ ಪ್ರೋಟೀನೂ ಸಿಗಬೇಕು. ಈ ಮೂರೂ ಅಮ್ಮಂದಿರಿಗೆ ಸಿಗುತ್ತಿಲ್ಲ. ಮುಟ್ಟು ನಿಂತ ಮೇಲಂತೂ ಮೂಳೆಯೂ ಸವೆಯುತ್ತದೆ. ಆಗ ಈ ವ್ಯಾಯಾಮ ಬೇಕೇ ಬೇಕು.

ಆದ್ದರಿಂದ ಡಯಟ್ ಬೇಡ, ಮನೆಯ ಊಟವನ್ನೇ ಬದಲಿಸಿ. ಎಲ್ಲರಿಗೂ ಒಂದೇ ಅಡುಗೆ, ಪಾಲು ಮಾತ್ರ ಬೇರೆ. ಕಾಳುಪಲ್ಯ ಬಡಿಸುವಾಗ ಅಡುಗೆ ಮಾಡಿದವರ ಬಟ್ಟಲು ಮೊದಲು ತೆಗೆದಿಡಿ. ವಾರಕ್ಕೆ ಮೂರು ದಿನ ಅವರ 20 ನಿಮಿಷವನ್ನು ಮನೆಯವರೇ ಬಿಡಿಸಿಕೊಡಿ. ಆ ಹೊತ್ತಿನಲ್ಲಿ ಕುಕ್ಕರ್ ಇಡುವುದು, ತರಕಾರಿ ಹೆಚ್ಚುವುದು ಬೇರೆಯವರ ಪಾಲಿಗಿರಲಿ. ಅಜ್ಜ, ಅಜ್ಜಿ, ಮಗಳು, ಅಳಿಯ ಎಲ್ಲರೂ ಒಂದೇ ಕುರ್ಚಿಯ ಬಸ್ಕಿ ಮಾಡಬಹುದು. ಗಂಡಸರು ಜಿಮ್ಮಿಗೆ ವರ್ಷದ ಫೀ ಕಟ್ಟಿ ಎರಡು ತಿಂಗಳಿಗೆ ಬಿಡುವುದಕ್ಕಿಂತ ಇದು ಸಾವಿರ ಪಾಲು ಮೇಲು.

*ಕೆಲವು ಮಾತುಗಳಿಗೆ ಉತ್ತರ*

_"ನಮ್ಮ ಅಜ್ಜ ತುಪ್ಪ, ಹೋಳಿಗೆ ತಿಂದು 90 ವರ್ಷ ಬಾಳಿದರು."_ ಬಾಳಿದರು, ನಿಜ. ಹೊಲ ಉತ್ತರು, ಚೀಲ ಹೊತ್ತರು, ಊರಿಂದೂರಿಗೆ ನಡೆದರು. ಹೋಳಿಗೆ ಹಬ್ಬಕ್ಕೆ ಮಾತ್ರ ಇತ್ತು. ಅವರ ಹೋಳಿಗೆಯನ್ನು ಮಾತ್ರ ನೆನಪಿಟ್ಟುಕೊಂಡು ನೇಗಿಲನ್ನು ಮರೆಯಬಾರದು.

_"ವಯಸ್ಸಾಯಿತು, ಇನ್ನು ಎಂಥ ಸ್ನಾಯು?"_ 70-80ರ ವಯಸ್ಸಿನಲ್ಲೂ ಹದವಾಗಿ ಭಾರದ ಅಭ್ಯಾಸ ಮಾಡಿದರೆ ಬಲ ಬರುತ್ತದೆ. ಬಚ್ಚಲಿನಲ್ಲಿ ಜಾರಿದಾಗ ಸಾವರಿಸಿಕೊಳ್ಳುವುದು, ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಏಳುವುದು, ಇವೆಲ್ಲ ಆ ಬಲದಿಂದಲೇ.

_"ಕೆಲಸದ ಮೇಲೆ ಕೆಲಸ, ಟೈಮೆಲ್ಲಿ?"_ ವಾರಕ್ಕೆ ಮೂರು ಸಲ 20 ನಿಮಿಷ ಅಂದರೆ ಒಂದು ಗಂಟೆ. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಒಂದೇ ಸಂಜೆ ಕಳೆದುಹೋಗುವಷ್ಟು ಹೊತ್ತು.

*ಎಚ್ಚರಿಕೆ:* ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಇತ್ತೀಚಿನ ಆಪರೇಶನ್ ಇರುವವರು, ಗರ್ಭಿಣಿಯರು ಮೊದಲು ಡಾಕ್ಟರನ್ನು ಕೇಳಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ವ್ಯಾಯಾಮ ಹೆಚ್ಚಿಸಿದಾಗ ಸಕ್ಕರೆ ತೀರಾ ಇಳಿಯಬಹುದು. ಔಷಧಿಯ ಪ್ರಮಾಣವನ್ನು ಡಾಕ್ಟರೇ ಬದಲಿಸಬೇಕು. ಕಿಡ್ನಿ ತೊಂದರೆ ಇರುವವರು ಪ್ರೋಟೀನು ಹೆಚ್ಚಿಸುವ ಮುಂಚೆ ಕೇಳಲೇಬೇಕು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಸದಾ ಸುಸ್ತು, ಪಾದದಲ್ಲಿ ಜೋಮು ಇದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ವ್ಯಾಯಾಮದ ನಡುವೆ ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ತಡ ಮಾಡದೆ ಡಾಕ್ಟರ ಬಳಿ ಹೋಗಿ.

ಕೊನೆಗೆ ಇಷ್ಟೇ ಹೇಳುವುದು. ಮೂರು ತಿಂಗಳಾದ ಮೇಲೆ ತೂಕ ಒಂದೇ ಕೆಜಿ ಇಳಿದಿರಬಹುದು, ಇಳಿಯದೆಯೂ ಇರಬಹುದು. ಆದರೆ ಟೇಪಿನಲ್ಲಿ ಸೊಂಟ ಒಂದೆರಡು ಸೆಂ.ಮೀ. ಕಡಿಮೆಯಾಗಿ, ಕುರ್ಚಿ ಪರೀಕ್ಷೆಯಲ್ಲಿ 11 ಇದ್ದದ್ದು 15 ಆಗಿದ್ದರೆ ನೀವು ಗೆದ್ದಿರಿ. ಮೂರನೇ ಮಹಡಿಗೆ ತರಕಾರಿ ಚೀಲ ಹಿಡಿದು ಹತ್ತುವಾಗ ನಿಮಗೇ ಗೊತ್ತಾಗುತ್ತದೆ.

ಇವತ್ತೇ ಟೇಪು ಹುಡುಕಿ. ಮನೆಯ ಎಲ್ಲರ ಅಳತೆ ಬರೆದಿಡಿ, ಅಡುಗೆಮನೆಯಲ್ಲಿರುವವರ ಅಳತೆ ಮೊದಲು. ಊರಿನಲ್ಲಿರುವ ಅಪ್ಪ-ಅಮ್ಮನಿಗೂ ಕಳಿಸಿ, ಸಂಜೆ ಫೋನ್ ಮಾಡಿ "ಎಷ್ಟು ಸಲ ಎದ್ದಿರಿ?" ಎಂದು ಕೇಳಿ.

ಎಲ್ಲರಿಗೂ ಒಳ್ಳೆಯ ಆರೋಗ್ಯ ಸಿಗಲಿ. 🙏